ಬಾಳೆಮಜಲು ಶಾಲೆಯ ಕ್ಷೇಮ ಪಟ್ಟಿ

ಬೋಜಪ್ಪ ಮಾಸ್ತರರು ವಿದ್ವಾನ್ ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ಬಿದ್ದವರು. ಆದರೆ ಬಾಳೆಮಜಲಿನಲ್ಲಿ ಆ ಪರೀಕ್ಷೆಗೆ ಕೂತವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಬಿದ್ದರೂ ಊರಿಗೆ ಅವರೇ ವಿದ್ವಾಂಸರು. ಯಾರಾದರೂ ಅವರೆದುರು ಮಾತಾಡಬೇಕಾದರೆ ಮೊದಲು ಸ್ವಲ್ಪ ಕೆಮ್ಮಿ, ಮಾತನ್ನು ಮನಸ್ಸಿನೊಳಗೇ ಒಮ್ಮೆ ತೊಳೆದು, ಆಮೇಲೆ ಹೊರಗೆ ಬಿಡುತ್ತಿದ್ದರು. ಬಸ್ಸು ನಿಲ್ಲುವ ಜಾಗದ ಚಾದಂಗಡಿಯ ಪೋಕರ್ ಒಬ್ಬ ಮಾತ್ರ ಇದಕ್ಕೆ ಅಪವಾದ.

"ಚಾ ಅಲ್ಲ ಪೋಕರ್, ಚಹಾ. ಅದು ಶುದ್ಧ ರೂಪ," ಎಂದು ಮಾಸ್ತರರು ದಿನಾ ತಿದ್ದುತ್ತಿದ್ದರು.

"ಶುದ್ಧದ್ದು ಬೇಕಾದ್ರೆ ಹಾಲು ಹಾಕುದಿಲ್ಲ ಮಾಸ್ಟ್ರೆ," ಎಂದು ಪೋಕರ್ ದಿನಾ ಉತ್ತರ ಕೊಡುತ್ತಿದ್ದ.

ಪೆರಾಬೆಗಿಂತ ಎರಡು ಮೈಲು ಆಚೆಗಿನ ಈ ಊರಿನ ಬೋರ್ಡು ಶಾಲೆಯಲ್ಲಿ ತರಗತಿ ಐದು, ಕೋಣೆ ಒಂದು, ಮಾಸ್ತರರೂ ಒಬ್ಬರೇ. ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿಯ ಜೂನ್ ತಿಂಗಳು ಶಾಲೆ ತೆರೆದ ಮೂರನೆಯ ದಿನ ಟಪ್ಪಾಲಿನಲ್ಲಿ ಒಂದು ಫಾರಂ ಬಂತು. ಮದ್ರಾಸಿನ ಕಾಲದಲ್ಲಿ ಫಾರಂಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವು. ಮಾಸ್ತರರಿಗೆ ಅರ್ಥವಾಗುತ್ತಿರಲಿಲ್ಲ, ಆದ್ದರಿಂದ ಆಲಂಗಾರಿಗೆ ಹೋಗಿ ತಿಳಿದವರಲ್ಲಿ ಕೇಳಿ ತುಂಬಿಸುತ್ತಿದ್ದರು, ಆದ್ದರಿಂದ ತಪ್ಪುಗಳೂ ಆಗುತ್ತಿರಲಿಲ್ಲ. ಈಗ ರಾಜ್ಯ ಒಂದಾಗಿತ್ತು, ಫಾರಂ ಕನ್ನಡದಲ್ಲಿ ಬಂದಿತ್ತು. ಅನರ್ಥಕ್ಕೆ ಇಷ್ಟು ಸಾಕಾಯಿತು.

ಫಾರಮ್ಮಿನ ತಲೆಯಲ್ಲಿ 'ಶಾಲಾರಂಭದ ಕ್ಷೇಮ ಪಟ್ಟಿ' ಎಂದಿತ್ತು. ಕಲ್ಲಚ್ಚಿನ ಮಸಿ ಹರಡಿ ಅರ್ಧ ಅಕ್ಷರಗಳು ಇನ್ನರ್ಧದ ಮೇಲೆ ಮಲಗಿದ್ದವು. ಕೆಳಗೆ ಮೂರು ಅಂಕಣ: ಬಾಧಿತ ಮಕ್ಕಳು, ಗುಣ ಹೊಂದಿದವರು, ಗತಿಸಿದವರು. ಕೊನೆಯಲ್ಲಿ ಷರಾ ಬರೆಯಲು ನಾಲ್ಕು ಬೆರಳು ಜಾಗ.

ಮಾಸ್ತರರು ಕನ್ನಡಕ ಒರೆಸಿಕೊಂಡರು. 'ಬಾಧಿತ' ಎಂಬುದನ್ನು ನೋಡಿ ಮರುಕದ ನಗೆ ನಕ್ಕರು.

"ನೋಡು ಸೇವಂತಿ, ಸರಕಾರದವರಿಗೆ ಕನ್ನಡ ಎಷ್ಟು ಬರ್ತದೆ ಅಂತ. ಬೋಧಿತ ಎಂದು ಬರೆಯಬೇಕಾದಲ್ಲಿ ಬಾಧಿತ ಎಂದು ಬರೆದಿದ್ದಾರೆ. ಬೋಧಿತ ಮಕ್ಕಳು, ಅಂದರೆ ಬೋಧನೆ ಪಡೆದವರು."

ಹೆಂಡತಿ ಸೇವಂತಿ ಹಲಸಿನ ಬೀಜ ಸುಲಿಯುತ್ತಿದ್ದಳು. "ಒಮ್ಮೆ ಆಲಂಗಾರಿನ ಮಾಸ್ಟ್ರಲ್ಲಿ ಕೇಳಿ," ಅಂದಳು.

ಕನ್ನಡದ ವಿಷಯದಲ್ಲಿ ಇನ್ನೊಬ್ಬರನ್ನು ಕೇಳುವುದೇ? ಮಾಸ್ತರರು ಕೆಂಪು ಶಾಯಿಯಿಂದ 'ಬಾ'ವನ್ನು 'ಬೋ' ಮಾಡಲು ಹೋಗಿ, ಮೇಲಿನವರಿಗೆ ಅವಮಾನವಾಗಬಾರದು ಎಂಬ ದೊಡ್ಡ ಮನಸ್ಸಿನಿಂದ ಬಿಟ್ಟರು. ಬೋಧನೆ ಪಡೆದವರು ಇಡೀ ಶಾಲೆಯ ಮಕ್ಕಳು: ನಲವತ್ತಮೂರು. ಗುಣ ಹೊಂದಿದವರು, ಅಂದರೆ ನಡತೆ ಒಳ್ಳೆಯದಿರುವವರು: ಬಹಳ ಯೋಚಿಸಿ ಒಂಬತ್ತು ಎಂದು ಬರೆದರು. ಗತಿಸಿದವರು? ಇಲ್ಲಿ ಅವರ ಪಾಂಡಿತ್ಯ ಪೂರ್ತಿ ಅರಳಿತು. "ಗತಿ ಎಂದರೆ ಚಲನೆ. ಗತಿಸಿದವರು ಎಂದರೆ ಮುಂದಕ್ಕೆ ಚಲಿಸಿದವರು. ಐದನೆಯದು ಪಾಸಾಗಿ ಹೋದವರು!" ಏಳು. ಹೆಸರು, ತಂದೆಯ ಹೆಸರು ಸಹಿತ ಬರೆಯಬೇಕೆಂದಿತ್ತು, ಬರೆದರು. ಷರಾದ ಜಾಗವನ್ನು ಖಾಲಿ ಬಿಡುವುದು ಅವರ ಜಾತಕದಲ್ಲಿಯೇ ಇರಲಿಲ್ಲ. ಅಲ್ಲಿ ಹೀಗೆ ಬರೆದರು: 'ಈ ಫಲಿತಾಂಶಕ್ಕೆ ಒಬ್ಬನೇ ಉಪಾಧ್ಯಾಯನ ನಿರಂತರ ಪರಿಶ್ರಮವೇ ಕಾರಣ. ಮುಂದಿನ ವರ್ಷ ಗತಿಸುವವರ ಸಂಖ್ಯೆಯನ್ನು ಇಮ್ಮಡಿಗೊಳಿಸಲಾಗುವುದು.'

ಪೋಕರನ ಅಂಗಡಿಯ ಕಂಬಕ್ಕೆ ಕಟ್ಟಿದ ಟಪ್ಪಾಲು ಪೆಟ್ಟಿಗೆಗೆ ಅದನ್ನು ಹಾಕಿ ಹಾಲು ಹಾಕಿದ ಚಹಾ ಕುಡಿದರು.

ಒಂಬತ್ತು ದಿನ ಏನೂ ಆಗಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಕಡಬದ ಬಸ್ಸು ಬಾಳೆಮಜಲಿನಲ್ಲಿ ನಿಲ್ಲಲಿಲ್ಲ.

ಕೈ ತೋರಿಸಿ ನಿಂತಿದ್ದವರ ಮುಂದೆಯೇ ಬಸ್ಸು ವೇಗ ಹೆಚ್ಚಿಸಿಕೊಂಡು ಹೋಯಿತು. ಒಳಗಿದ್ದವರೆಲ್ಲ ಮೂಗಿಗೆ ಬಟ್ಟೆ ಹಿಡಿದಿದ್ದರು. ಕಂಡಕ್ಟರು ಟಪ್ಪಾಲು ಚೀಲವನ್ನು ಕಿಟಿಕಿಯಿಂದ ಎಸೆದ. ಅದು ಪೋಕರನ ಬೋಂಡದ ಬಾಣಲೆಯಿಂದ ಒಂದು ಗೇಣು ಆಚೆ ಬಿತ್ತು. ಸಂಜೆಯ ಬಸ್ಸೂ ಹಾಗೇ. ಮಾರನೆಯ ದಿನ ಆಲಂಗಾರಿಗೆ ನಡೆದು ಹೋಗಿ ಬಂದ ಪೋಕರ್ ಅಂಗಡಿಯ ಬಾಗಿಲನ್ನು ಅರ್ಧ ಹಾಕಿ ಕೂತುಬಿಟ್ಟ.

"ಮಾಸ್ಟ್ರೆ, ನಮ್ಮ ಊರಿನಲ್ಲಿ ದೊಡ್ಡ ರೋಗ ಉಂಟಂತೆ. ಏಳು ಮಕ್ಕಳು ತೀರಿ ಹೋದವಂತೆ. ಸರಕಾರದ ಕಾಗದದಲ್ಲೇ ಬಂದಿದೆಯಂತೆ."

"ಏಳು?" ಎಂದರು ಮಾಸ್ತರರು. "ಯಾರ ಮಕ್ಕಳು?"

"ಅದು ಗೊತ್ತಿಲ್ಲ. ಮೇಲಿನ ಬೈಲಿನವು ಆಗಿರ್ಬೇಕು. ನಮ್ಮ ಕಡೆ ಯಾರೂ ಹೋಗ್ಲಿಲ್ಲ."

ಮೇಲಿನ ಬೈಲಿನವರಿಗೂ ಅಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಅವರು ಕೆಳಗಿನ ಬೈಲಿನ ಮಕ್ಕಳೆಂದು ತಿಳಿದು ಅತ್ತ ಕಡೆ ಕಾಲಿಡುವುದನ್ನೇ ಬಿಟ್ಟಿದ್ದರು. ಎರಡು ಬೈಲುಗಳ ನಡುವೆ ಹರಿಯುವ ತೋಡಿನ ಎರಡೂ ದಂಡೆಗಳಲ್ಲಿ ಬೇವಿನ ಸೊಪ್ಪು ಕಟ್ಟಿದರು. ಇವರು ಅವರಿಗಾಗಿ ಮರುಗಿದರು, ಅವರು ಇವರಿಗಾಗಿ.

ಮಾಸ್ತರರು ಶಾಲೆಗೆ ಓಡಿ ಹಾಜರಿ ಕರೆದರು. ನಲವತ್ತಮೂರಕ್ಕೆ ನಲವತ್ತಮೂರೂ ಮಕ್ಕಳು 'ಹಾಜರ್' ಎಂದವು. ಒಮ್ಮೆ ಕರೆದದ್ದು ಸಾಲದೆಂದು ಎರಡನೆಯ ಸಲ ಕರೆದರು. ಸತ್ತವರಲ್ಲಿ ಒಬ್ಬನಾದರೂ ಓಗೊಡಬಹುದೇ ಎಂಬ ಅನುಮಾನವಿದ್ದಂತೆ ಪ್ರತಿಯೊಂದು ಮುಖವನ್ನೂ ನೋಡಿದರು. ಕೊನೆಗೆ, ತೀರಿಹೋದವರು ಶಾಲೆಗೆ ಸೇರದ ಮಕ್ಕಳೇ ಇರಬೇಕು, ಶಾಲೆಗೆ ಕಳಿಸಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ತೀರ್ಮಾನಕ್ಕೆ ಬಂದು, ಆ ಅಜ್ಞಾತ ಮಕ್ಕಳಿಗಾಗಿ ಶಾಲೆಯವರನ್ನೆಲ್ಲ ಎರಡು ನಿಮಿಷ ಎಬ್ಬಿಸಿ ನಿಲ್ಲಿಸಿದರು. ಎರಡನೆಯ ತರಗತಿಯ ಅಕ್ಕು ಎಂಬ ಹುಡುಗಿ ಒಂದೇ ನಿಮಿಷಕ್ಕೆ ಕುಸಿದು ಕೂತಳು. "ಸತ್ತವರಿಗೆ ಮರ್ಯಾದೆ ಕೊಡಲಿಕ್ಕೂ ಉದಾಸೀನವಾ ನಿನಗೆ?" ಎಂದು ಮಾಸ್ತರರು ಗದರಿದರು.

ಆ ಹುಡುಗಿಯ ಮೇಲೆ ಅವರಿಗೆ ಮೊದಲೇ ಸಿಟ್ಟಿತ್ತು. ಪಾಠದ ನಡುವೆ ತೂಕಡಿಸುವುದು ಒಂದು. ಸೀಮೆಸುಣ್ಣ ಕದಿಯುವುದು ಇನ್ನೊಂದು. ಎರಡು ಸಲ ಕೈಯಲ್ಲೇ ಹಿಡಿದು ಬೆತ್ತದ ರುಚಿ ತೋರಿಸಿದ್ದರು.

ಆ ಮಧ್ಯಾಹ್ನವೇ ಶೀನಪ್ಪನ ಮನೆಯಂಗಳದಲ್ಲಿ ಬೊಬ್ಬೆ ಕೇಳಿತು. ಶೀನಪ್ಪನ ಅಕ್ಕ ದುಗ್ಗಮ್ಮ ನೆಟ್ಟಣದಿಂದ ಬಂದಿದ್ದಳು. ಬಸ್ಸಿನವರು ಎರಡು ಮೈಲು ಆಚೆಯೇ ಇಳಿಸಿದ್ದರಿಂದ ಎದೆ ಬಡಿದುಕೊಳ್ಳುತ್ತಲೇ ನಡೆದಿದ್ದಳು. ಇನ್ಸ್‌ಪೆಕ್ಟರರ ಕಚೇರಿಯ ಜವಾನನ ಹೆಂಡತಿ ಅವಳ ನೆರೆಮನೆಯವಳು. ಸತ್ತ ಏಳು ಜನರ ಪಟ್ಟಿಯಲ್ಲಿ 'ಶೀಲಾವತಿ, ತಂದೆ ಶೀನಪ್ಪ' ಎಂಬ ಹೆಸರು ಮೂರನೆಯದೆಂದು ಅವನೇ ಓದಿದ್ದನಂತೆ.

"ಅಯ್ಯೋ ನನ್ನ ಬಂಗಾರವೇ! ಒಂದು ಮಾತು ಹೇಳಿ ಕಳಿಸ್ಲಿಲ್ಲವಲ್ಲ ಶೀನಪ್ಪಾ! ಉತ್ತರಕ್ರಿಯೆಯ ಬೊಜ್ಜಕ್ಕಾದರೂ ಕರೀಬಾರದಿತ್ತಾ!"

ಒಳಗಿನಿಂದ, ಐದನೆಯದು ಪಾಸಾಗಿ ಹೋದ ಹನ್ನೊಂದು ವರ್ಷದ ಶೀಲಾವತಿ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದು ಅತ್ತೆಯ ಮುಂದಿಟ್ಟಳು. ದುಗ್ಗಮ್ಮ ಅಭ್ಯಾಸಬಲದಿಂದ ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು, ಚೊಂಬು ಕೆಳಗಿಟ್ಟು, ತಲೆಯೆತ್ತಿ ನೋಡಿ ಕಿಟಾರನೆ ಕಿರುಚಿದಳು. ಆಮೇಲೆ ಹುಡುಗಿಯ ಕೈ, ಕಾಲು, ಕಾಲಿನ ಬೆರಳು ಎಲ್ಲ ಮುಟ್ಟಿ ನೋಡಿದಳು. ಬದುಕಿರುವುದು ಖಾತ್ರಿಯಾದ ಮೇಲೆ ಬಂದದ್ದು ಸಿಟ್ಟು.

"ಇಷ್ಟು ದೂರ ಅಳ್ತಾ ಬಂದದ್ದು ನಾನು! ಹಾದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಯಾಯ್ತು. ಈಗ ವಾಪಸು ಹೋಗುವಾಗ ಯಾವ ಮುಖ ಹೊತ್ತು ಹೋಗುದು?"

"ನಾನೆಂತ ಮಾಡುದು ಅತ್ತೆ?" ಎಂದು ಶೀಲಾವತಿ ಅಳುವ ಹಾಗಾದಳು. ಬದುಕಿದ್ದದ್ದಕ್ಕೆ ಅವಳು ಕ್ಷಮೆ ಕೇಳುವವರೆಗೂ ಅತ್ತೆಗೆ ಸಮಾಧಾನವಾಗಲಿಲ್ಲ.

ಮರುದಿನ ಆರೋಗ್ಯ ಇಲಾಖೆಯವರು ಬಂದರು: ನಾಲ್ಕು ಜನ, ಎರಡು ಡಬ್ಬ, ಒಂದು ಮೂಟೆ ಬಿಳಿ ಹುಡಿ. ಯಾವ ರೋಗ ಎಂದು ಅವರಿಗೂ ಗೊತ್ತಿರಲಿಲ್ಲ. ಆದ್ದರಿಂದ ಎಲ್ಲಾ ರೋಗಗಳಿಗೂ ಚುಚ್ಚಿದರು. ಎಡ ತೋಳಿಗೆ ಸಿಡುಬಿನದ್ದು, ಬಲ ತೋಳಿಗೆ ಕಾಲರಾದ್ದು. ಬಾವಿಗಳಿಗೆಲ್ಲ ಹುಡಿ ಸುರಿದರು. ಕುಶಾಲಪ್ಪ ಪಟೇಲರ ಬಾವಿಗೆ, ಊರಿನ ದೊಡ್ಡ ಮನೆಯೆಂಬ ಗೌರವಕ್ಕೆ, ಎರಡು ಪಾಲು ಸುರಿದರು. ಆ ನೀರಿನಲ್ಲಿ ಮಾಡಿದ ಗಂಜಿಯನ್ನು ಪಟೇಲರ ನಾಯಿ ಮೂಸಿ ನೋಡಿ ಪೆರಾಬೆಯ ಕಡೆಗೆ ಹೊರಟುಹೋಯಿತು.

ಪಟೇಲರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಕಾದಿತ್ತು. ಮಗಳು ಕುಮುದಿನಿಗೆ ಸುಳ್ಯದ ಕಡೆಯ ಸಂಬಂಧ ನಿಶ್ಚಯವಾಗಿ ವೀಳ್ಯಶಾಸ್ತ್ರಕ್ಕೆ ದಿನ ಹಿಡಿದಿತ್ತು. ಗಂಡಿನ ಕಡೆಯಿಂದ ಒಂದು ಕಾರ್ಡು ಬಂತು. 'ತಮ್ಮ ಊರಿನ ವಾರ್ತೆ ತಿಳಿದು ವ್ಯಸನವಾಯಿತು. ನಮ್ಮ ಹುಡುಗನ ಆರೋಗ್ಯ ಮೊದಲಿನಿಂದಲೂ ನಾಜೂಕು.' ಅಷ್ಟೇ. ಪಟೇಲರು ಕಾರ್ಡು ಹಿಡಿದುಕೊಂಡು ಶಾಲೆಯ ಜಗಲಿಗೆ ಬಂದು ಕೂತರು.

"ಯಾರು ಮಾಸ್ಟ್ರೆ ಈ ಸುದ್ದಿ ಹಬ್ಬಿಸಿದ್ದು? ಅವನು ನನಗೆ ಸಿಕ್ಕಬೇಕು. ತೋಡಿನಲ್ಲಿ ಮುಳುಗಿಸಿ ತೆಗೀತೇನೆ."

"ಮುಳುಗಿಸಬೇಕಾದ್ದೇ," ಎಂದರು ಮಾಸ್ತರರು, ಎರಡೂ ತೋಳು ಊದಿಕೊಂಡು ರೆಕ್ಕೆ ಬಿಚ್ಚಿದ ಕೋಳಿಯ ಭಂಗಿಯಲ್ಲಿ ಕೂತು. "ವಿದ್ಯೆ ಇಲ್ಲದ ಮೂಢರ ಕೆಲಸ ಇದು."

ಅದಾಗಿ ಎರಡನೆಯ ದಿನ ಶಾಲೆಯ ಮುಂದೆ ಜೀಪು ನಿಂತಿತು. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರರು ಮೊದಲು ಇಳಿದರು. ಹಿಂದಿನಿಂದ ಚರ್ಮದ ಪೆಟ್ಟಿಗೆ ಹಿಡಿದು ಡಾಕ್ಟರ್ ವಸುಮತಿ ಇಳಿದರು. ಮಂಗಳೂರಿನವರು, ಮೂವತ್ತು ದಾಟಿದವರು, ಮಾತು ಕಡಿಮೆ. ಊರಿಡೀ ಅಂಗಳದಲ್ಲಿ ಸೇರಿತು. ಪಟೇಲರು ಮುಂದೆ, ಪೋಕರ್ ಅವರ ಹಿಂದೆ.

ಇನ್ಸ್‌ಪೆಕ್ಟರರು ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. "ಏನ್ರೀ ಇದು?"

ತಮ್ಮದೇ ದುಂಡು ಅಕ್ಷರಗಳನ್ನು ಕಂಡು ಮಾಸ್ತರರಿಗೆ ಮೊದಲು ಅಭಿಮಾನವೇ ಆಯಿತು. "ಕ್ಷೇಮ ಪಟ್ಟಿ ಸಾರ್."

"ನಲವತ್ತಮೂರು ಜನ ಬಾಧಿತರು ಅಂತ ಬರೆದಿದೀರಿ. ಏಳು ಜನ ಗತಿಸಿದರು ಅಂತ ಹೆಸರು ಸಮೇತ ಬರೆದಿದೀರಿ. ಮುಂದಿನ ವರ್ಷ ಅದನ್ನ ಎರಡರಷ್ಟು ಮಾಡ್ತೀನಿ ಅಂತ ಸರ್ಕಾರಕ್ಕೆ ಬರವಣಿಗೆಯಲ್ಲಿ ಭರವಸೆ ಕೊಟ್ಟಿದೀರಲ್ರೀ! ಮಕ್ಕಳಿಗೆ ಪಾಠ ಹೇಳ್ತೀರೋ, ಇಲ್ಲಾ ಇನ್ನೇನು ಮಾಡ್ತೀರೋ?"

"ಗತಿ ಎಂದರೆ ಚಲನೆ ಸಾರ್..." ಎಂದು ಮಾಸ್ತರರು ಆರಂಭಿಸಿದರು. ಎರಡು ವಾಕ್ಯ ಮುಗಿಯುವಷ್ಟರಲ್ಲಿ ತಮ್ಮ ವ್ಯಾಖ್ಯಾನ ತಮ್ಮ ಕಿವಿಗೇ ಬಿತ್ತು. ಅಷ್ಟು ಜನರ ಮುಂದೆ ಬೋಜಪ್ಪ ಮಾಸ್ತರರ ಬಾಯಿಯಿಂದ ಮೊದಲ ಬಾರಿಗೆ ಒಂದು ವಾಕ್ಯ ಮುಗಿಯದೆ ನಿಂತಿತು.

ಅಂಗಳದಲ್ಲಿ ಯಾರೂ ನಗಲಿಲ್ಲ. ನಗಬಹುದಾಗಿದ್ದವರ ತೋಳುಗಳೆಲ್ಲ ಊದಿಕೊಂಡಿದ್ದವು. ಪಟೇಲರು ಮೆಲ್ಲಗೆ ತೋಡಿನ ಕಡೆಗೊಮ್ಮೆ, ಮಾಸ್ತರರ ಕಡೆಗೊಮ್ಮೆ ನೋಡಿದರು. ಪೋಕರ್ ಮಾತ್ರ, "ಹಾಗಾದ್ರೆ ಯಾರೂ ಸಾಯ್ಲಿಲ್ಲವಾ ಮಾಸ್ಟ್ರೆ? ಒಬ್ಬರೂ?" ಎಂದು ಕೇಳಿದ. ಇಷ್ಟು ದಿನ ಅಂಗಡಿಯ ಬಾಗಿಲು ಅರ್ಧ ಹಾಕಿದ್ದಕ್ಕೆ ಒಂದಾದರೂ ಕಾರಣ ಬೇಕಿತ್ತು ಅವನಿಗೆ.

"ಸರಿ, ಹೊರಡೋಣ ಡಾಕ್ಟ್ರೆ," ಎಂದರು ಇನ್ಸ್‌ಪೆಕ್ಟರರು.

ಡಾಕ್ಟರ್ ವಸುಮತಿ ಹೊರಡಲಿಲ್ಲ. ಆಗಿನಿಂದ ಅವರು ಮಕ್ಕಳನ್ನೇ ನೋಡುತ್ತಿದ್ದರು. "ಬಂದದ್ದು ಬಂದಾಯ್ತು. ಒಮ್ಮೆ ನೋಡಿ ಹೋಗುವ," ಎಂದು ಹೇಳಿ ಬೆಂಚಿನ ಮೇಲೆ ಕೂತು ಮೊದಲ ಮಗುವನ್ನು ಕರೆದರು.

ಅವರು ಮಾಡಿದ್ದು ಹೆಚ್ಚೇನಲ್ಲ. ಒಬ್ಬೊಬ್ಬರ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡುವುದು, ನಾಲಗೆ ನೋಡುವುದು, ಹೊಟ್ಟೆ ಒತ್ತುವುದು, ಕಾಲಿನ ಬೆರಳುಗಳ ಸಂದು ನೋಡುವುದು. ಒಂದೇ ಪ್ರಶ್ನೆ ಕೇಳುವುದು.

"ಬೆಳಿಗ್ಗೆ ಎಂತ ತಿಂದದ್ದು?"

"ಕಪ್ಪು ಚಾ."

"ಅದರ ಒಟ್ಟಿಗೆ?"

ಹೆಚ್ಚಿನವರು ಖಾಲಿ ಅಂಗೈ ತೋರಿಸಿದರು. ಇನ್ಸ್‌ಪೆಕ್ಟರರು ಗಡಿಯಾರ ನೋಡಿಕೊಂಡರು. ಹದಿನೈದು ಮಕ್ಕಳಾದವು, ಇಪ್ಪತ್ತಾದವು. ಡಾಕ್ಟರರ ಪುಸ್ತಕದಲ್ಲಿ ಗೀಟುಗಳು ಬೆಳೆಯುತ್ತಲೇ ಹೋದವು. ಅಕ್ಕುವಿನ ಸರದಿ ಬಂದಾಗ ರೆಪ್ಪೆ ಎಳೆದು ನೋಡಿ ಮಾಸ್ತರರನ್ನು ಹತ್ತಿರ ಕರೆದರು.

"ನೋಡಿ ಇಲ್ಲಿ. ಕೆಂಪಿರಬೇಕಾದ ಜಾಗ ಇದು."

ಮಾಸ್ತರರು ಬಗ್ಗಿ ನೋಡಿದರು. ರೆಪ್ಪೆಯ ಒಳಗು ಕಾಗದದಂತೆ ಬಿಳಿಯಿತ್ತು.

"ಹೊಟ್ಟೆಯಲ್ಲಿ ಕೊಕ್ಕೆಹುಳ. ಬರಿಗಾಲಲ್ಲಿ ನಡೆಯುವಾಗ ಮಣ್ಣಿನಿಂದ ಹತ್ತುದು. ಕುಡಿಯುದು ರಕ್ತವನ್ನೇ. ಈ ಹುಡುಗಿ ತೂಕಡಿಸ್ತಾಳಾ?"

"ಹೌದು."

"ಮಣ್ಣು, ಸುಣ್ಣ, ಸೀಮೆಸುಣ್ಣ ಏನಾದರೂ ತಿನ್ನುದುಂಟಾ? ರಕ್ತ ಇಲ್ಲದ ಮಕ್ಕಳು ತಿಂತಾರೆ. ತಡೀಲಿಕ್ಕೆ ಆಗುದಿಲ್ಲ ಅವಕ್ಕೆ."

ಬೆತ್ತ ಮೇಜಿನ ಮೇಲೆಯೇ ಇತ್ತು. ಮಾಸ್ತರರು ಅದನ್ನು ಮೆಲ್ಲಗೆ ತೆಗೆದು ಕಪಾಟಿನ ಹಿಂದೆ ಇಟ್ಟು ಬಂದರು. ಹಾಗೆ ಇಟ್ಟದ್ದನ್ನು ಅಕ್ಕು ಒಬ್ಬಳೇ ನೋಡಿದಳು.

ಕೊನೆಗೆ ಡಾಕ್ಟರರು ಗೀಟುಗಳನ್ನು ಕೂಡಿಸಿದರು. "ನಲವತ್ತೊಂದು. ಪಟೇಲರ ಮನೆಯ ಎರಡು ಮಕ್ಕಳನ್ನು ಬಿಟ್ಟರೆ ಎಲ್ಲಾ ಬಾಧಿತರೇ. ಮಾಸ್ಟ್ರು ಬರೆದದ್ದರಲ್ಲಿ ಎರಡೇ ಎರಡು ಹೆಚ್ಚು."

ಈ ಮಾತಿನಿಂದ ಮಾಸ್ತರರು ಗೆದ್ದರೆಂದು ಯಾರಾದರೂ ತಿಳಿದರೆ ಅವರಿಗೆ ಸರಕಾರದ ಪರಿಚಯವಿಲ್ಲ. ಇನ್ಸ್‌ಪೆಕ್ಟರರ ಮುಖ ಈಗ ಮೊದಲಿಗಿಂತಲೂ ಕಪ್ಪಾಯಿತು. ಸುಳ್ಳು ವರದಿಯಾದರೆ ಒಬ್ಬ ಮಾಸ್ತರನ ಸಮಜಾಯಿಷಿ ಕೇಳಿ ಮುಗಿಸಬಹುದು; ನಿಜವಾದ ವರದಿಯನ್ನು ಏನು ಮಾಡುವುದು? ಅವರ ಕೈಕೆಳಗೆ ಇಂಥ ಶಾಲೆಗಳು ತೊಂಬತ್ತು ಇದ್ದವು. ಬೇರೆ ಎಂಬತ್ತೊಂಬತ್ತರಿಂದಲೂ ಸೊನ್ನೆ ಬಂದಿತ್ತು. ಅದನ್ನು ನಂಬಿ, 'ಮಕ್ಕಳೆಲ್ಲ ಕ್ಷೇಮ' ಎಂದು ಅವರು ಮೇಲಕ್ಕೆ ಬರೆದೂ ಆಗಿತ್ತು.

ಜೀಪು ಹತ್ತುವ ಮೊದಲು ಮಾಸ್ತರರನ್ನು ಬದಿಗೆ ಕರೆದು ಒಂದು ಖಾಲಿ ಫಾರಂ ಕೈಗಿತ್ತರು. "ನೋಡ್ರೀ, ಶುಕ್ರವಾರದ ಟಪ್ಪಾಲಿಗೆ ಮೂರು ಸೊನ್ನೆ ಹಾಕಿ ಕಳಿಸಿ. ಹಳೇದನ್ನ ಹರಿದು ಹಾಕ್ತೀನಿ. ನಿಮ್ಮ ತಪ್ಪೂ ಹೋಯ್ತು, ನನ್ನ ತಲೆನೋವೂ ಹೋಯ್ತು."

ಡಾಕ್ಟರರು ಹೇಳಿದ್ದು ಬೇರೆ. "ಗುಳಿಗೆ ತರಿಸಬೇಕಾದರೆ ಶಾಲೆಯಿಂದ ಲಿಖಿತ ಪಟ್ಟಿ ಬೇಕು ಮಾಸ್ಟ್ರೆ. ನಲವತ್ತೊಂದು ಹೆಸರು, ನಿಮ್ಮ ಸಹಿ. ಅದು ಬಾರದೆ ನನ್ನ ಕೈಯಲ್ಲಿ ಏನೂ ಆಗುದಿಲ್ಲ."

"ಆಗಲಿ," ಎಂದರು ಮಾಸ್ತರರು ಇಬ್ಬರಿಗೂ.

ಸಂಜೆ ಪಟೇಲರು ಬಂದರು. ಮುಳುಗಿಸುವ ಮಾತು ಎತ್ತಲಿಲ್ಲ. ಅದಕ್ಕಿಂತ ಭಯವಾಗುವಷ್ಟು ಮೆತ್ತಗೆ ಮಾತಾಡಿದರು. "ಮಾಸ್ಟ್ರೆ, ಊರಿನಲ್ಲಿ ರೋಗ ಇಲ್ಲ ಅಂತ ಸರಕಾರದ ಕಾಗದ ಒಂದು ಬೇಕು ನನಗೆ. ಸುಳ್ಯದವರಿಗೆ ತೋರಿಸ್ಲಿಕ್ಕೆ. ಹುಳ ಯಾರ ಹೊಟ್ಟೆಯಲ್ಲಿ ಇಲ್ಲ ಹೇಳಿ? ಅದೊಂದು ರೋಗವಾ?"

"ಆಗಲಿ ಪಟೇಲರೆ," ಎಂದರು ಮಾಸ್ತರರು.

ಮೂರು ಜನರಿಗೆ 'ಆಗಲಿ' ಎಂದ ಮನುಷ್ಯ ಶುಕ್ರವಾರದವರೆಗೆ ಊಟ ಸರಿಯಾಗಿ ಮಾಡಲಿಲ್ಲ. "ಆಲಂಗಾರಿನ ಮಾಸ್ಟ್ರಲ್ಲಿ ಕೇಳುದಾ?" ಎಂದು ಸೇವಂತಿಯನ್ನೇ ಕೇಳಿದರು.

"ಈಗ ಎಂತ ಕೇಳ್ಲಿಕ್ಕುಂಟು? ಅಕ್ಷರ ಓದ್ಲಿಕ್ಕೆ ಬಾರದಿದ್ದರೆ ಕೇಳುದು. ಇದು ನಿಮಗೆ ಓದ್ಲಿಕ್ಕೆ ಬರ್ತದೆ," ಅಂದಳು ಅವಳು.

ಯಾರನ್ನೂ ಎದುರು ಹಾಕಿಕೊಂಡು ಗೊತ್ತಿಲ್ಲದ ಬೋಜಪ್ಪ ಮಾಸ್ತರರು ಎಲ್ಲರ ಮಾತನ್ನೂ ನಡೆಸಿಕೊಟ್ಟರು. ಖಾಲಿ ಫಾರಮ್ಮಿಗೆ ಮೂರು ಸೊನ್ನೆ ಹಾಕಿ ಸಹಿ ಮಾಡಿ ಇನ್ಸ್‌ಪೆಕ್ಟರರ ವಿಳಾಸ ಬರೆದರು. ಅದರದ್ದೇ ನಕಲು ಪಟೇಲರಿಗೆ ಕೊಟ್ಟರು. ಆಮೇಲೆ ಒಂದು ಬಿಳಿ ಹಾಳೆಗೆ ಗೀಟು ಎಳೆದು ನಲವತ್ತೊಂದು ಹೆಸರು ಬರೆದು, ಅಕ್ಕುವಿನ ಹೆಸರನ್ನು ಎಲ್ಲಕ್ಕಿಂತ ಮೇಲೆ ಹಾಕಿ, ಅದಕ್ಕೂ ಸಹಿ ಮಾಡಿ ಡಾಕ್ಟರರ ವಿಳಾಸ ಬರೆದರು. ಷರಾ ಏನೂ ಬರೆಯಲಿಲ್ಲ. ಎರಡೂ ಲಕೋಟೆಗಳು ಒಂದೇ ಟಪ್ಪಾಲಿನಲ್ಲಿ ಹೋದವು.

ಸರಕಾರದ ಕಾಗದಗಳಿಗೆ ಎತ್ತಿನ ಗಾಡಿಯ ವೇಗ. ಆ ಎರಡು ಕಾಗದಗಳು ಬೇರೆ ಬೇರೆ ದಾರಿಯಲ್ಲಿ ತಿರುಗಿ, ಬೇರೆ ಬೇರೆ ಮೇಜುಗಳ ಮೇಲೆ ಮಲಗಿ, ನವೆಂಬರಿನಲ್ಲಿ ಮಂಗಳೂರಿನ ಯಾವುದೋ ಒಂದು ಮೇಜಿನಲ್ಲಿ ಪರಸ್ಪರ ಮುಖ ನೋಡಿದವು. ಒಂದೇ ಶಾಲೆ, ಒಂದೇ ಸಹಿ, ಒಂದೇ ದಿನಾಂಕ. ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ನಲವತ್ತೊಂದು. ಅಲ್ಲಿನ ಗುಮಾಸ್ತ ಎರಡಕ್ಕೂ ಒಂದೇ ಸೂಜಿ ಚುಚ್ಚಿ, 'ಇವುಗಳಲ್ಲಿ ಯಾವುದು ಸುಳ್ಳೆಂದು ಏಳು ದಿನಗಳೊಳಗೆ ತಿಳಿಸತಕ್ಕದ್ದು' ಎಂದು ಬರೆದು ಕಳಿಸಿದ.

ಮಾಸ್ತರರು ಉತ್ತರ ಬರೆಯಲು ಕೂತರು. ಮೊದಲ ಕರಡಿನಲ್ಲಿ 'ಪ್ರಮಾದವಶಾತ್' ಎಂಬ ಪದ ಬಂತು, ಹರಿದರು. ಎರಡನೆಯದರಲ್ಲಿ 'ಅನಿವಾರ್ಯ ಪರಿಸ್ಥಿತಿ' ಬಂತು, ಹರಿದರು. ಕೊನೆಗೆ ಕಳಿಸಿದ್ದು ಇಷ್ಟು: 'ಸೊನ್ನೆ ಸುಳ್ಳು. ಹೇಳಿದರು, ಹೆದರಿ ಬರೆದೆ. ನಲವತ್ತೊಂದು ಮಕ್ಕಳನ್ನು ನೋಡಿ ಬರೆದದ್ದು.' ಐವತ್ತು ವರ್ಷದ ಬಾಳಿನಲ್ಲಿ ಅವರು ಬರೆದ ಅತ್ಯಂತ ಚಿಕ್ಕ ಪ್ರಬಂಧ ಅದು.

ಇಲಾಖೆಗೆ ಅದು ಚೆನ್ನಾಗಿ ಅರ್ಥವಾಯಿತು. ಫೆಬ್ರವರಿಯಲ್ಲಿ ಒಂದೇ ವಾರದಲ್ಲಿ ಎರಡು ವಸ್ತುಗಳು ಬಂದವು. ಒಂದು, ಗುಳಿಗೆಗಳ ಪೆಟ್ಟಿಗೆ. ಇನ್ನೊಂದು, ವರ್ಗದ ಆಜ್ಞೆ: ಸುಳ್ಯದಿಂದ ಆಚೆ, ಬಸ್ಸಿಳಿದು ಹನ್ನೊಂದು ಮೈಲು ನಡೆಯಬೇಕಾದ ಶಾಲೆ. "ನನ್ನ ತವರಿನ ಕಡೆಯೇ ಆಯ್ತಲ್ಲ," ಎಂದು ಸೇವಂತಿ ಪಾತ್ರೆ ಕಟ್ಟತೊಡಗಿದಳು. ಅವಳ ತವರು ಅದರ ವಿರುದ್ಧ ದಿಕ್ಕಿನಲ್ಲಿತ್ತು.

ಡಾಕ್ಟರ್ ವಸುಮತಿ ಸ್ವತಃ ಬಂದು ಗುಳಿಗೆ ನುಂಗಿಸಿದರು. ಪೋಕರ್ ಅಂದು ಕೇಳದೆಯೇ ಒಂದು ಹಂಡೆ ಬೆಲ್ಲದ ನೀರು ಕಳಿಸಿದ. ಪಟ್ಟಿ ಹಿಡಿದು ಮಾಸ್ತರರು ಹೆಸರು ಕರೆದರು. ಮೊದಲನೆಯ ಹೆಸರಿಗೇ ಯಾರೂ ಏಳಲಿಲ್ಲ.

ಅಕ್ಕು ಶಾಲೆ ಬಿಟ್ಟು ಎರಡು ತಿಂಗಳಾಗಿತ್ತು. ಅವಳ ತಾಯಿ ಅಪ್ಪಿ ಅವಳನ್ನು ಪುತ್ತೂರಿನ ಒಂದು ಮನೆಯಲ್ಲಿ ಮಗು ಆಡಿಸಲು ಬಿಟ್ಟಿದ್ದಳು. "ಅಲ್ಲಿ ಎರಡು ಹೊತ್ತು ಅನ್ನ ಉಂಟು ಮಾಸ್ಟ್ರೆ," ಎಂದಿದ್ದಳು ಅವಳು. ಮಾಸ್ತರರು ನಿಯಮದ ಪ್ರಕಾರ ಒಂದು ತಿಂಗಳು ಕಾದು ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಕೆಂಪು ಗೀಟು ಎಳೆದಿದ್ದರು.

ಡಾಕ್ಟರರು ಅಕ್ಕುವಿನ ಪಾಲಿನ ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿ, ಹೇಗೆ ಕೊಡಬೇಕೆಂದು ಎರಡು ಸಲ ಹೇಳಿ ಮಾಸ್ತರರ ಕೈಗೆ ಕೊಟ್ಟರು. ಭಾನುವಾರ ಬೆಳಿಗ್ಗೆ ಮಾಸ್ತರರು ಇಸ್ತ್ರಿಯ ಅಂಗಿ ತೊಟ್ಟು ಪುತ್ತೂರಿನ ಬಸ್ಸು ಹತ್ತಿದರು. ಮೂರು ಬೀದಿ ತಪ್ಪಿ ನಾಲ್ಕನೆಯದರಲ್ಲಿ ಮನೆ ಸಿಕ್ಕಿತು. ಎದುರು ಬಾಗಿಲಿನಲ್ಲಿ ಮನೆಯೊಡತಿ ತಡೆದಳು.

"ಯಾರು ನೀವು? ಅವಳ ಅಪ್ಪನಾ?"

"ಮಾಸ್ತರ."

"ಕೆಲಸದ ಹುಡುಗಿಯನ್ನು ನೋಡ್ಲಿಕ್ಕೆ ಮಾಸ್ಟ್ರು ಬರುದಾ!" ಎಂದು ಆಕೆ ಒಳಗಿನವರಿಗೆ ಕೇಳುವಂತೆ ನಕ್ಕು, ಹಿಂಬಾಗಿಲಿಗೆ ಹೋಗಲು ಹೇಳಿದಳು.

ಅಕ್ಕು ತನಗಿಂತ ಸ್ವಲ್ಪವೇ ಚಿಕ್ಕದಾದ ಮಗುವೊಂದನ್ನು ಸೊಂಟದಲ್ಲಿ ಎತ್ತಿಕೊಂಡು ಬಂದಳು. ಮುಖ ಇನ್ನೂ ಬಿಳಿಚಿತ್ತು. ಮಾಸ್ತರರನ್ನು ಕಂಡವಳೇ ಎರಡೂ ಕೈಗಳನ್ನು ಹಿಂದೆ ಅಡಗಿಸಲು ಹೋದಳು, ಮಗು ಜಾರಿತು. ಮಾಸ್ತರರೇ ಮಗುವನ್ನು ಎತ್ತಿಕೊಂಡರು. ಅದು ಅವರ ಕನ್ನಡಕ ಕಿತ್ತಿತು. ಕನ್ನಡಕವಿಲ್ಲದೆ, ಅಳುವ ಮಗುವನ್ನು ಒಂದು ತೋಳಿನಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಪೊಟ್ಟಣ ಬಿಚ್ಚಲು ಅವರು ಪಟ್ಟ ಪಾಡು ನೋಡಿ ಅಕ್ಕುವಿಗೆ ನಗು ಬಂತು. ಶಾಲೆಯಲ್ಲಿ ಅವಳು ನಕ್ಕದ್ದನ್ನು ಅವರು ಯಾವತ್ತೂ ನೋಡಿರಲಿಲ್ಲ.

"ಇದು ನುಂಗು. ಕಹಿ ಇಲ್ಲ. ಈ ಕರಿ ಗುಳಿಗೆ ರಕ್ತ ಹೆಚ್ಚಲಿಕ್ಕೆ, ದಿನಕ್ಕೆ ಒಂದು, ಒಂದು ತಿಂಗಳು. ಮರೀಬಾರದು."

ಅವಳು ನುಂಗಿದಳು. ಬಾಯಿ ತೆರೆದು ತೋರಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಮಾಸ್ಟ್ರೆ, ಪುಸ್ತಕದಲ್ಲಿ ನನ್ನ ಹೆಸರು ಉಂಟಾ?"

"ಉಂಟು," ಎಂದರು ಮಾಸ್ತರರು.

"ದಿನಾ ಕರೀತೀರಾ?"

"ಕರೀತೇನೆ."

ಒಳಗಿನಿಂದ ಯಾರೋ ಕೂಗಿದರು. ಅವಳು ಮಗುವನ್ನು ತೆಗೆದುಕೊಂಡು ಒಳಗೆ ಹೋದಳು.

ಮಂಗಳವಾರ ಹೊಸ ಮಾಸ್ತರರು ಅಧಿಕಾರ ವಹಿಸಿಕೊಳ್ಳಲು ಬಂದರು. ಮೀಸೆ ಚಿಗುರಿದ ತರುಣ, ಹೆಸರು ಗುರುವಪ್ಪ. ಬೋಜಪ್ಪ ಮಾಸ್ತರರು ಗಂಟೆ, ಭೂಪಟ, ಎರಡು ಕುರ್ಚಿ ಒಪ್ಪಿಸಿದರು. ಕೊನೆಗೆ ಹಾಜರಿ ಪುಸ್ತಕ. ಗುರುವಪ್ಪ ಹೆಸರುಗಳನ್ನು ಎಣಿಸುತ್ತ ಹೋಗಿ ಕೊನೆಯಲ್ಲಿ ನಿಂತ. ಎಲ್ಲದರ ಕೆಳಗೆ ಇನ್ನೂ ಹಸಿಯಾಗಿದ್ದ ಶಾಯಿಯಲ್ಲಿ ಒಂದು ಹೆಸರಿತ್ತು.

"ಈ ಅಕ್ಕು ಯಾರು ಸಾರ್? ಮೇಲೆ ಹೊಡೆದು ಹಾಕಿದ ಹೆಸರು ಕೆಳಗೆ ಪುನಃ ಉಂಟಲ್ಲ? ಈ ಹುಡುಗಿ ಬರುದುಂಟಾ?"

"ಇಲ್ಲ."

"ಬಾರದವಳ ಹೆಸರು ಎಂತಕ್ಕೆ?"

ಬೋಜಪ್ಪ ಮಾಸ್ತರರು ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಹೊರಗೆ ಗಾಡಿಯಲ್ಲಿ ಪಾತ್ರೆಗಳ ಮೇಲೆ ಸೇವಂತಿ ಕೂತು ಕಾಯುತ್ತಿದ್ದಳು.

"ಅವಳಿಗೆ ಮಾತು ಕೊಟ್ಟಿದ್ದೇನೆ," ಎಂದರು. "ನೀವು ದಿನಾ ಒಮ್ಮೆ ಕರೆಯಿರಿ. ಯಾರೂ ಓಗೊಡುದಿಲ್ಲ. ಆದರೂ ಕರೆಯಿರಿ."